ಹಸಿ ಪಾರ್ಚ್‌ಮೆಂಟಿನ ತಾಳ

ನಮ್ಮ ಕಡೆಯ ಹೋಂಸ್ಟೇ ವಿಡಿಯೋಗಳಲ್ಲೆಲ್ಲ ಒಂದೇ ಡ್ರಮ್ಮು. ಮಂಜು ಇಳಿದರೂ ಅದೇ ಢಮ್ಮು, ಅಕ್ಕಿರೊಟ್ಟಿ ಬೆಂದರೂ ಅದೇ ಢಮ್ಮು. ಯಾರೋ ತಯಾರಿಸಿಟ್ಟ ಸದ್ದನ್ನು ಇಳಿಸಿಕೊಂಡು ಅಂಟಿಸುವ ಈ ಜನರಿಗೆ ಕಿವಿಯೇ ಇಲ್ಲ ಎಂಬುದು ನನ್ನ ತೀರ್ಮಾನ. ಬಣಕಲ್ ಹತ್ತಿರ ಸಣ್ಣ ತೋಟ, ಗೋಡೌನಿಗೆ ತಾಗಿದ ಕೋಣೆಯಲ್ಲಿ ಕಂಪ್ಯೂಟರು, ಮೈಕು, ಐವತ್ತರ ಹೊಸ್ತಿಲಿನ ವಯಸ್ಸು: ತೀರ್ಮಾನ ಕೊಡಲು ಇಷ್ಟು ಅರ್ಹತೆ ಸಾಕೆಂದುಕೊಂಡಿದ್ದೆ.

ಚಿಕ್ಕಮಗಳೂರಿನವರೊಬ್ಬರು ಕಿರುಚಿತ್ರಕ್ಕೆ ತಾಳ ಕೇಳಿದರು. ತೋಟದ ಸದ್ದುಗಳಿಂದಲೇ ಮಾಡಿಕೊಡುತ್ತೇನೆ ಎಂದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಗಾಲಿ ಬಡಿದೆ. ಕಾಫಿ ಎಳೆಯುವ ಮರದ ಗೋರೆಯನ್ನು ಕಣದ ಸಿಮೆಂಟಿನ ಮೇಲೆ ಕೆರೆದು, ಆ ಸದ್ದನ್ನು ಹಿಂದುಮುಂದಾಗಿಸಿದೆ. ಕೊನೆಗೆ ಪಾರ್ಚ್‌ಮೆಂಟನ್ನು, ಅಂದರೆ ತೊಳೆದು ಒಣಗಲು ಹಾಕಿದ, ಹೊಟ್ಟು ಬಿಡಿಸದ ಕಾಫಿಬೀಜವನ್ನು, ಎರಡು ಅಂಗೈ ನಡುವೆ ಮೈಕಿನ ಮುಂದೆ ಕುಲುಕಿದೆ. ದಪ್ಪ, ಮೆತ್ತನೆಯ ಸದ್ದು. ಶ್ರುತಿ ಇಳಿಸಿ, ಬಾಲ ಕತ್ತರಿಸಿ, ಗಾಲಿಯ ಸದ್ದಿನ ಕೆಳಗಿಟ್ಟರೆ ಎದೆಗೇ ಗುದ್ದಿದ ಹಾಗೆ. ಫೈಲಿಗೆ ‘ಬೆಚ್ಚನೆಯ ಸದ್ದು’ ಎಂದು ಹೆಸರಿಟ್ಟು ಹೆಡ್‌ಫೋನಿನಲ್ಲಿ ನೂರು ಸಲ ಕೇಳಿದೆ.

ಆ ವಾರ ಕಣ ನೋಡಿಕೊಳ್ಳುವ ಹೆಂಗಸು ಮಗಳ ಬಾಣಂತನಕ್ಕೆಂದು ಕೊಟ್ಟಿಗೆಹಾರಕ್ಕೆ ಹೋಗಿದ್ದಳು. ಕಾಫಿ ಒಣಗಿತೋ ಇಲ್ಲವೋ ಎಂದು ಹೇಳುವವಳು ಅವಳೇ. ಅವಳ ಕೆಲಸ ನನ್ನ ತಲೆಗೆ ಬಂತು. ಮೋಡಕ್ಕೆ ಹೆದರಿದೆ, ಮಂಗಗಳಿಗೆ ಹೆದರಿದೆ, ವೋಲ್ಟೇಜಿಗೆ, ನನ್ನ ಸಕ್ಕರೆ ಕಾಯಿಲೆಗೆ ಹೆದರಿದೆ. ಹನಿ ಬಿದ್ದಂತಾಗಿ, ಒಣಗಿದೆ ಎಂದು ಘೋಷಿಸಿ, ವರ್ಷದ ಫಸಲನ್ನೆಲ್ಲ ಚೀಲಕ್ಕೆ ತುಂಬಿಸಿದೆ. ಸೋಮವಾರ, ಹೊಟ್ಟು ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಲಾರಿ.

ಸೋಮವಾರ ಬೆಳಿಗ್ಗೆ ಅವಳು ಬಂದಳು, ಲಾರಿ ಬಂದಿರಲಿಲ್ಲ. ಹೊಗಳಿಕೆಯ ಆಸೆಗೆ ತಾಳ ಕೇಳಿಸಿದೆ. ನೆಂಟರ ಮಗುವಿಗೆ ಹೇಳುವ ಹಾಗೆ, ಚೆನ್ನಾಗಿದೆ ಎಂದಳು. ಅಷ್ಟಕ್ಕೆ ಸುಮ್ಮನಿರಬಾರದೇ? ಮೂಲ ಸದ್ದುಗಳನ್ನು ಒಂದೊಂದಾಗಿ ಹಾಕಿ ಪಾಠ ಶುರುಮಾಡಿದೆ. ಅಂಗೈಯ ಸದ್ದಿಗೆ ಅವಳು ಕೈಯೆತ್ತಿದಳು.

"ಇನ್ನೊಂದ್ಸಲ ಹಾಕಿ."

ಹಾಕಿದೆ.

"ಯಾವ ಕಾಫಿ ಇದು?"

"ಚೀಲದಲ್ಲಿರೋದೇ."

"ಒಣಗಿದ್ದು ಹಿಂಗೆ ಮಾತಾಡಲ್ಲ, ಅಯ್ಯ. ಇದು ಹಸಿ. ಹೀಗೇ ಕಳ್ಸಿದ್ರೆ ಬೂಷ್ಟು ಹಿಡಿಯುತ್ತೆ."

ಒಣಗಿದ ಬೀಜ ಹೊಟ್ಟಿನೊಳಗೆ ಕುಗ್ಗಿ ಗಿಲಿಗಿಲಿ ಎನ್ನುತ್ತದೆ. ಕಿವಿಯ ಹತ್ತಿರ ಕುಲುಕಿ ನೋಡುವುದು ಇಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಕಿವಿಯಿಲ್ಲದವರನ್ನು ಹೋಂಸ್ಟೇಗಳಲ್ಲಿ ಹುಡುಕುತ್ತಿದ್ದ ನಾನು, ಹಾಳಾಗುತ್ತಿದ್ದ ನನ್ನದೇ ಕಾಫಿಯ ಸದ್ದಿಗೆ ತಲೆದೂಗುತ್ತಾ ಕೂತಿದ್ದೆ.

ಲಾರಿ ಬಂತು. ಅವಳು ಡ್ರೈವರಿಗೆ ಎಲ್ಲವನ್ನೂ ವಿವರವಾಗಿ ಹೇಳಿದಳು.

"ಹಾಡು ಕೇಳಿ ಲಾರಿ ವಾಪಸ್ ಕಳ್ಸಿದ್ದು ನೀವೊಬ್ರೇ, ಮಾರಾಯ್ರೆ," ಎಂದು ಅವನು ಗಾಡಿ ತಿರುಗಿಸಿದ.

ಚೀಲಗಳನ್ನೆಲ್ಲ ಬಿಚ್ಚಿ ಮತ್ತೆ ಕಣಕ್ಕೆ ಸುರಿದೆವು. ಬೂಷ್ಟು ಇನ್ನೂ ಹಿಡಿದಿರಲಿಲ್ಲ. ಬಿಸಿಲು ಕೈಕೊಡಲಿಲ್ಲ. ನಾಲ್ಕನೆಯ ದಿನ ಅವಳು ಒಂದು ಹಿಡಿ ಎತ್ತಿ ಕೋಣೆಗೆ ತಂದು, ತನ್ನ ಕಿವಿಗಲ್ಲ, ನನ್ನ ಮೈಕಿನ ಮುಂದೆ ಹಿಡಿದು ಕುಲುಕಿದಳು. ಗಿಲಿಗಿಲಿ, ಸಣ್ಣ ಗಾಜಿನ ಚೂರುಗಳ ಹಾಗೆ. ನನ್ನ ಮುಖ ನೋಡದೆ, ಬಾಗಿಲಲ್ಲಿದ್ದ ಚೀಲ ಹೊಲಿಯುವವನಿಗೆ ತಲೆಯಾಡಿಸಿ ಹೊರಟುಹೋದಳು.

ಇಷ್ಟು ಚಂದದ ಸದ್ದು ನನ್ನ ಕಂಪ್ಯೂಟರಿನಲ್ಲಿ ಒಂದೂ ಇರಲಿಲ್ಲ. ಈಗಲೂ ಇಲ್ಲ. ಕಾಫಿ ಉಳಿಯಿತಲ್ಲ ಎಂಬ ನೆಮ್ಮದಿಯಲ್ಲಿ ರೆಕಾರ್ಡ್ ಒತ್ತುವುದನ್ನೇ ಮರೆತಿದ್ದೆ.