ಟೆಕ್ನಿಕಲ್ ಗ್ರೂಪೂ ನನ್ನ ಅಡುಗೆಮನೆಯೂ

ಹ್ಯಾಮ್ ರೇಡಿಯೋದವರ, ಎಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ, ಲೋಕದಲ್ಲಿ ಲೈಸೆನ್ಸ್ ಪಡೆದ ಹೆಂಗಸನ್ನು ವೈ.ಎಲ್. ಎನ್ನುತ್ತಾರೆ, ಅಂದರೆ ಯಂಗ್ ಲೇಡಿ. ಹಲ್ಲೆಲ್ಲ ಉದುರಿದರೂ ಅವಳು ಯಂಗ್ ಲೇಡಿಯೇ. ಲೈಸೆನ್ಸ್ ಇಲ್ಲದ ಹೆಂಡತಿಗೆ ಮಾತ್ರ ಎಕ್ಸ್-ವೈ.ಎಲ್. ಎಂದು ಹೆಸರು, ಮಾಜಿ ತರುಣಿ. ಮದುವೆಯಾದಾಗಿನಿಂದ ನನ್ನ ಗಂಡ ಗಾಳಿಯಲ್ಲಿ ಊರೂರಿಗೆಲ್ಲ ನನ್ನನ್ನು ಮಾಜಿ ಎಂದೇ ಪರಿಚಯಿಸುತ್ತಿದ್ದರು. ಒಂದು ದಿನ ಅದರ ಅರ್ಥ ತಿಳಿದದ್ದೇ ತಡ, ಅವರ ಪುಸ್ತಕಗಳನ್ನೇ ಅಡುಗೆಮನೆಗೆ ತಂದಿಟ್ಟುಕೊಂಡು ಓದಿ, ತಿಳಿಯದ್ದನ್ನು ಅವರನ್ನೂ ಅವರ ಗೆಳೆಯರನ್ನೂ ಕೇಳಿ, ಮಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಪಾಸಾದೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಅಲ್ಲ, ಮತ್ತೆ ತರುಣಿಯಾಗುವ ಹಟದಿಂದ.

ನಮ್ಮ ಮನೆ ತಲ್ಲೂರಿನಲ್ಲಿ. ಅವರಿಗೆ ಕುಂದಾಪುರದಲ್ಲಿ ರೇಡಿಯೋ, ಟಿವಿ ರಿಪೇರಿಯ ಅಂಗಡಿ. ಅವರಿಗೆ ಜೀವದ ಗೆಳೆಯರು ಇಬ್ಬರು, ಇಬ್ಬರೂ ಹ್ಯಾಮ್‌ಗಳೇ. ಒಬ್ಬರು ಬ್ರಹ್ಮಾವರದ ನಿವೃತ್ತ ಮೇಷ್ಟ್ರು. ಮಾತು ಶುರು ಮಾಡಿದರೆ ಪಾಠದ ಗಂಟೆ ಹೊಡೆದರೂ ನಿಲ್ಲಿಸದ ಜಾತಿ. ಇನ್ನೊಬ್ಬರು ಬೈಂದೂರಿನಲ್ಲಿ ಹೋಟೆಲು ಇಟ್ಟವರು, ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಲೋಕದ ಸುದ್ದಿಯನ್ನೆಲ್ಲ ತಿಳಿದುಕೊಳ್ಳುವವರು. ಬೈಂದೂರಿನ ಹತ್ತಿರದ ಒಂದು ಗುಡ್ಡದ ಮೇಲೆ ಇವರೆಲ್ಲ ಸೇರಿ ಒಂದು ರಿಪೀಟರ್ ಇಟ್ಟಿದ್ದರು. ನಮ್ಮ ಕೈಯ ಸಣ್ಣ ಸೆಟ್ಟಿನ ದನಿಯನ್ನು ಅದು ಹಿಡಿದು, ಜೋರು ಮಾಡಿ, ದೂರದೂರಿಗೆ ಮತ್ತೆ ಕಳಿಸುತ್ತದೆ. ಕಷ್ಟವೆಂದರೆ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಬ್ರಹ್ಮಾವರದ ಮೇಷ್ಟ್ರು ಗುಂಡಿ ಒತ್ತಿದರೆ ಉಳಿದವರು ಗಂಜಿ ಉಂಡು, ಪಾತ್ರೆ ತೊಳೆದು ಬರಬಹುದಿತ್ತು.

ಎರಡು ಸಾವಿರದ ದಶಕದ ನಡುವಿನಲ್ಲಿ ಯಾವುದೋ ಕಾರ್ಖಾನೆಯವರು ತಮ್ಮ ಹಳೆಯ ಟ್ರಂಕಿಂಗ್ ಸೆಟ್ಟುಗಳನ್ನೂ ಅದರ ಪೆಟ್ಟಿಗೆಯನ್ನೂ ಗುಜರಿಗೆ ಹಾಕುವವರಿದ್ದರು. ನನ್ನ ಗಂಡ ಅದನ್ನು ಹೊತ್ತು ತಂದರು. ಹೊಸ ಸೊಸೆ ಮನೆಗೆ ಬಂದ ಹಾಗೆ ಅದಕ್ಕೆ ಉಪಚಾರ. ಟ್ರಂಕಿಂಗ್ ಎಂದರೆ ಬ್ಯಾಂಕಿನ ಕೌಂಟರ್ ಇದ್ದ ಹಾಗೆ. ಆ ಪೆಟ್ಟಿಗೆಯನ್ನು ಗುಡ್ಡದ ಮೇಲೆ ಕೂರಿಸಿದಾಗ ಅಲ್ಲಿ ಎರಡು ಚಾನೆಲ್ ಆದವು. ನೀವು ಗುಂಡಿ ಒತ್ತಿದರೆ ಯಾವುದು ಖಾಲಿಯೋ ಅದನ್ನು ಪೆಟ್ಟಿಗೆಯೇ ಹುಡುಕಿ ಕೊಡುತ್ತದೆ. ಮುಂದಿನ ಮಾತಿಗೆ ಮತ್ತೆ ಹುಡುಕುತ್ತದೆ. ಆದ್ದರಿಂದ ಒಂದೇ ಹರಟೆಯ ಒಂದು ಮಾತು ಈ ಚಾನೆಲ್ಲಿನಲ್ಲಿ, ಅದಕ್ಕೆ ಉತ್ತರ ಆ ಚಾನೆಲ್ಲಿನಲ್ಲಿ ಹಾರಾಡುತ್ತಿರುತ್ತದೆ. ಇದರ ಜೊತೆಗೆ ಗ್ರೂಪು ಬೇರೆ. ನಿಮ್ಮ ಗ್ರೂಪಿನವರು ಮಾತಾಡಿದರೆ ಮಾತ್ರ ನಿಮ್ಮ ಸೆಟ್ಟು ಬಾಯಿ ಬಿಡುತ್ತದೆ. ಬೇರೆಯವರದಾದರೆ ತುಟಿ ಪಿಟಕ್ಕೆನ್ನುವುದಿಲ್ಲ.

ಗಂಡ ಎರಡು ಗ್ರೂಪು ಮಾಡಿದರು. ಒಂದನೆಯದು ಎಲ್ಲರಿಗೂ. ಎರಡನೆಯದು ‘ಟೆಕ್ನಿಕಲ್’, ಆ ಮೂವರು ಗಂಡಸರಿಗೆ ಮಾತ್ರ. ನನಗೊಂದು ಸೆಟ್ಟು ಕೊಟ್ಟು ಹೇಳಿದರು: “ಈ ತಿರುಗ್ಣಿ ಒಂದರಗೇ ಇರ್ಲಿ. ಎರಡಕ್ಕೆ ತಿರ್ಗ್ಸುಕಾಗ. ಅದ್ ಟೆಕ್ನಿಕಲ್, ನಿಂಗೆ ಬೋರಾತ್ತ್.”

“ಆತ್ತ್,” ಎಂದೆ. ಆತ್ತ್ ಎಂದದ್ದೇ ನನ್ನ ಮುಂದಿನ ಸಂತೋಷಕ್ಕೆಲ್ಲ ಕಾರಣವಾಯಿತು.

ಹೊಸ ಸೆಟ್ಟು ಬಂದ ಮೇಲೆ ಹಳೆಯ ಸಾದಾ ಸೆಟ್ಟುಗಳು ಎರಡು ಬೇಡವಾದವು. “ನಿನ್ನ ಅಡುಗೆಮನಿಗೆ ಸಾಕ್,” ಎಂದು ನನಗೇ ದಾನ ಮಾಡಿದರು. ಸಾದಾ ಸೆಟ್ಟಿಗೆ ಗ್ರೂಪಿನ ಜ್ಞಾನವೇ ಇಲ್ಲ. ಚಾನೆಲ್ಲಿನಲ್ಲಿ ಯಾರು ಬಾಯಿ ತೆರೆದರೂ ಅದು ಒದರುತ್ತದೆ. ಮೂವರಿಗೂ ಇದು ಗೊತ್ತಿಲ್ಲದ ವಿಷಯವಲ್ಲ, ನನಗೆ ಪರೀಕ್ಷೆಗೆ ಪಾಠ ಹೇಳಿಕೊಟ್ಟವರೇ ಅವರು. ಆದರೆ ತಮ್ಮ ಹೊಸ ಸೆಟ್ಟುಗಳು ಬೇರೆ ಗ್ರೂಪಿನ ಮಾತಿಗೆ ಮೂಕವಾಗಿ ಕೂತದ್ದನ್ನು ನೋಡಿ ನೋಡಿ, ಲೋಕವೇ ಕಿವುಡಾಗಿದೆ ಎಂದು ನಂಬಿಬಿಟ್ಟಿದ್ದರು. ನಾನು ಒಂದು ಸೆಟ್ಟನ್ನು ಮೊದಲ ಚಾನೆಲ್ಲಿಗೆ ಇಟ್ಟು ಅಕ್ಕಿ ಡಬ್ಬಿಯ ಮೇಲೆ ಕೂರಿಸಿದೆ. ಇನ್ನೊಂದನ್ನು ಎರಡನೆಯದಕ್ಕೆ ಇಟ್ಟು ಕಿಟಕಿಗೆ ನೇತುಹಾಕಿದೆ. ಮೇಷ್ಟ್ರು ಅಕ್ಕಿ ಡಬ್ಬಿಯಿಂದ ಕೇಳುವರು, ಹೋಟೆಲಿನವರು ಕಿಟಕಿಯಿಂದ ಉತ್ತರ ಕೊಡುವರು, ನನ್ನ ಗಂಡ ಮತ್ತೆ ಅಕ್ಕಿ ಡಬ್ಬಿಯಲ್ಲಿ ನಗುವರು. ನಡುವೆ ನಾನು ಕಾಯಿ ತುರಿಯುತ್ತ ಕೂತಿರುತ್ತಿದ್ದೆ.

ಕದ್ದು ಕೇಳಿದೆ ಎಂದು ನನಗೆ ಎಳ್ಳಷ್ಟೂ ಅಳುಕಿಲ್ಲ. ಹವ್ಯಾಸಿಗಳು ಗಾಳಿಯಲ್ಲಿ ಆಡುವ ಮಾತು ಗುಟ್ಟಿನದಾಗಿರಬಾರದು ಎಂಬುದು ನಿಯಮ. ಪರೀಕ್ಷೆಗೆ ಓದಿದ್ದೇನೆ. ಅಲ್ಲದೆ ಆ ಟೆಕ್ನಿಕಲ್ ಗ್ರೂಪಿನಲ್ಲಿ ಟೆಕ್ನಿಕಲ್ ಎನ್ನುವಂಥದ್ದು ಏನಿತ್ತು? ಬಂಗುಡೆ ಮೀನಿನ ದರ, ಸಾಲಿಗ್ರಾಮದ ಕಡೆ ಯಾವ ಯಕ್ಷಗಾನದ ಆಟ, ಯಾವ ಭಾಗವತರ ಗಂಟಲು ಕೆಟ್ಟಿದೆ, ಯಾರ ಹೆಂಡತಿ ಯಾರಿಗೆ ಬೈದರು. ನಾನು ಮಾಡಿದ ಸಾರಿನ ಬಗ್ಗೆಯೂ ವಿಮರ್ಶೆ ಬರುತ್ತಿತ್ತು. “ಇವತ್ತ್ ಖಾರ ಜಾಸ್ತಿ” ಎಂದು ಅಂಗಡಿಯಿಂದ ಗೆಳೆಯರಿಗೆ ದೂರು ಹೇಳಿದರೆ, ಮರುದಿನ ಖಾರ ಕಡಿಮೆ. “ಹೆಂಡ್ತಿ ಅಂದ್ರೆ ಹೀಂಗಿರ್ಕ್ ಮರಾಯ್ರೆ, ಹೇಳುದೇ ಬೇಡ, ಮನ್ಸಂಗೆ ಇದ್ದದ್ದ್ ಗೊತ್ತಾತ್ತ್,” ಎಂದು ಅವರು ಹೊಗಳಿದ್ದನ್ನೂ ಕಿಟಕಿಯಿಂದಲೇ ಕೇಳಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಹೀಗೆ ಸುಖವಾಗಿದ್ದಾಗ ಒಂದು ಬೆಳಿಗ್ಗೆ ಅಕ್ಕಿ ಡಬ್ಬಿಯಿಂದ ನನ್ನ ಗಂಡನ ದನಿ ಬಂತು, ಎಂದಿಗಿಂತ ಮೆತ್ತಗೆ. ಎದೆ ಹಿಡಿದ ಹಾಗೆ ಆಗುತ್ತಿತ್ತಂತೆ. ಉಡುಪಿಯ ಆಸ್ಪತ್ರೆಗೆ ತೋರಿಸಿದ್ದರಂತೆ. ಹೃದಯದ ನಾಳ ಕಟ್ಟಿದೆ, ಬಂದು ಸೇರಿಕೊಳ್ಳಿ, ತೆರೆದು ಸರಿ ಮಾಡುತ್ತೇವೆ ಎಂದಿದ್ದರಂತೆ. ಆಮೇಲೆ ಹೇಳಿದರು: “ಮನಿಯಗೆ ಹೇಳುಕಾಗ. ಅವ್ಳಿಗೆ ಹೆದ್ರಿಕಿ. ಆಸ್ಪತ್ರಿ ಅಂದ್ರೆ ಸಾಕ್, ಬಿದ್ದೇ ಬಿಡ್ತ್ಳ್.”

ಅದು ಸುಳ್ಳಲ್ಲ. ಮುಂಬೈಯ ಹೋಟೆಲಿನಲ್ಲಿದ್ದ ನನ್ನ ಅಣ್ಣ ಆಸ್ಪತ್ರೆಗೆ ತಾನೇ ನಡೆದು ಹೋಗಿದ್ದ. ಬರುವಾಗ ನಡೆದು ಬರಲಿಲ್ಲ. ಅಂದಿನಿಂದ ನನಗೆ ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದರೆ ಕಾಲಿನ ಬಲ ಹೋಗುತ್ತದೆ. ಆ ಬೆಳಿಗ್ಗೆ ಕಾಯಿ ತುರಿಯುವ ಮಣೆಯ ಮೇಲೆಯೇ ತುಂಬ ಹೊತ್ತು ಕೂತಿದ್ದೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟೇ ಗೆದ್ದಿತು. ಇಷ್ಟು ದೊಡ್ಡ ಸಂಗತಿಯನ್ನು ಬಂಗುಡೆ ದರದ ಸಾಲಿನಲ್ಲಿ ಸೇರಿಸಿ, ನನ್ನೊಬ್ಬಳನ್ನು ಹೊರಗಿಟ್ಟರಲ್ಲ! ಅವರಾಗಿಯೇ ಬಾಯಿ ಬಿಡುವವರೆಗೆ ಸತಾಯಿಸುವುದೆಂದು ತೀರ್ಮಾನಿಸಿದೆ.

ಅಂದೇ ಸಾರಿಗೆ ಉಪ್ಪು ನಿಲ್ಲಿಸಿದೆ. ಊಟಕ್ಕೆ ಕೂತವರು ಒಂದು ತುತ್ತಿಟ್ಟು ಮುಖ ಎತ್ತಿದರು.

“ಉಪ್ಪಿಲ್ಯಾ?”

“ಕಡಲ ಗಾಳಿಗೇ ನಿಮ್ಮ ಗುಡ್ಡಿ ಮೇಲಿನ ಪೆಟ್ಗಿ ತುಕ್ಕ್ ಹಿಡಿತ್ತ್ ಅಂತ ಹೇಳ್ತ್ರಿ ಅಲ್ದಾ? ಒಳ್ಗಿನ ಪೆಟ್ಗಿಗೆ ಎಂತಕ್ಕೆ ಉಪ್ಪ್?”

ಅವರು ನನ್ನ ಮುಖವನ್ನೇ ನೋಡಿದರು. ನಾನು ಮಜ್ಜಿಗೆ ಬಡಿಸಿದೆ. ಡಾಕ್ಟರೂ ಉಪ್ಪು ಬೇಡ ಎಂದದ್ದರಿಂದ ಜಗಳಾಡುವ ಹಾಗಿಲ್ಲ. ತೆಪ್ಪಗೆ ಉಂಡರು. ಮೀನು ಹುರಿಯುವುದನ್ನು ನಿಲ್ಲಿಸಿದೆ, ಬೇಯಿಸಿದ ಸೊಪ್ಪು ಶುರುವಾಯಿತು. ಸಂಜೆಯ ಹೊತ್ತಿಗೆ ಕಿಟಕಿಯಿಂದ ಗೋಳು: “ಮನಿಯಗೆ ಎಲ್ಲ ಸಪ್ಪೆ ಮರಾಯ್ರೆ. ಅವ್ಳಿಗೆ ಎಂತ ಆಯ್ತೋ ಗೊತ್ತಿಲ್ಲ.” ಅಕ್ಕಿ ಡಬ್ಬಿಯಿಂದ ಮೇಷ್ಟ್ರು, “ಹೆಂಗಸ್ರಿಗೆ ಒಂದೊಂದ್ ಪ್ರಾಯದಗೆ ಹಾಂಗೆ ಆತ್ತ್,” ಎಂದು ಸಮಾಧಾನ ಹೇಳಿದರು. ಆ ಮೇಷ್ಟ್ರಿಗೂ ಒಂದು ದಿನ ನಮ್ಮ ಮನೆಯಲ್ಲಿ ಸಪ್ಪೆ ಊಟವೇ ಎಂದು ಅಲ್ಲೇ ಬರೆದಿಟ್ಟುಕೊಂಡೆ.

ಸೇರಿಕೊಳ್ಳುವ ದಿನ ಹತ್ತಿರ ಬಂದಾಗ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದರು: “ನಾಳೆ ಬೈಂದೂರಿಗೆ ಹೋಯ್ಕ್. ಗುಡ್ಡಿ ಮೇಲ್ ಕೆಲ್ಸ ಇತ್ತ್. ಎರಡ್ ದಿನ ಅಲ್ಲೇ.”

“ಎಂತ ಕೆಲ್ಸ?”

“ಕೇಬಲ್ ಹಾಳಾಯ್ತ್.”

“ಕಟ್ಟಿತಾ?”

ಅವರ ಕೈ ಗುಂಡಿಯಲ್ಲೇ ನಿಂತಿತು. “ಎಂತ ಕಟ್ಟುದ್?”

“ಒಳ್ಗೆ ಕಸ ಕಟ್ಟಿತಾ ಅಂತ ಕೇಂಡೆ. ತೆರ್ದ್ ಸರಿ ಮಾಡುಕೆ ಆತ್ತಾ?”

“ಆತ್ತ್,” ಎಂದು ಹಿತ್ತಲಿಗೆ ಹೋದರು. ನಾನು ಚೀಲ ತುಂಬಿದೆ: ಎರಡು ಲುಂಗಿ, ಮುಂದೆ ಗುಂಡಿ ಇರುವ ಅಂಗಿ, ಫ್ಲಾಸ್ಕು, ಚಮಚ, ಹಳೆಯ ಬೆಡ್‌ಶೀಟು. ಹಿಂದಿರುಗಿ ಬಂದು ನೋಡಿದರು. “ಗುಡ್ಡಿಗೆ ಫ್ಲಾಸ್ಕ್ ಎಂತಕ್ಕೆ?” ಎಂದು ಕೇಳುವಾಗ ಅವರ ದನಿಯಲ್ಲಿ ಅನುಮಾನ ಹಣಕಿತು. “ಮಲ್ಗಿದಲ್ಲಿಗೇ ಬಿಸ್ನೀರ್ ಸಿಕ್ಕಿರೆ ಒಳ್ಳೇದ್ ಅಲ್ದಾ?” ಎಂದೆ. ಚೀಲವನ್ನೆತ್ತಿಕೊಂಡು ಅಂಗಡಿಗೆ ಹೋದರು. ನನಗೆ ಒಳಗೊಳಗೇ ಖುಷಿ. ಸಂಜೆಯೊಳಗೆ ಬಂದು ಹೇಳಿಯೇ ಹೇಳುತ್ತಾರೆ ಎಂದುಕೊಂಡೆ.

ಮಧ್ಯಾಹ್ನ ಟೆಕ್ನಿಕಲ್ ಗ್ರೂಪು ತೆರೆಯಿತು. ಆಸ್ಪತ್ರೆಯಲ್ಲಿ ಮನೆಯವರು ಸಹಿ ಹಾಕಬೇಕು. ಮೇಷ್ಟ್ರು ತಾನೇ ಅಣ್ಣ ಎಂದು ಹಾಕುತ್ತಾರಂತೆ. ಹೋಟೆಲಿನವರು ಒಂದನೆಯ ಗ್ರೂಪಿನಲ್ಲಿ ಬಂದು, “ಅತ್ತಿಗೆ, ಇವ್ರ್ ಗುಡ್ಡಿ ಮೇಲಿದ್ರ್, ಊಟ ಆಯ್ತ್,” ಎಂದು ನನಗೆ ಸುದ್ದಿ ಕೊಡುತ್ತಾರಂತೆ. ನಾಟಕದ ಹಂಚಿಕೆ ನೋಡಿ ನಗುತ್ತಿದ್ದೆ. ಆಗ ಕಿಟಕಿಯಿಂದ ನನ್ನ ಗಂಡನ ದನಿ ಬಂತು.

“ನಂಗೆ ಎಂತಾರೂ ಆರೆ, ಅವ್ಳಿಗೆ ನೀವೇ ಹೋಯ್ ಹೇಳ್ಕ್. ಒಂದೇ ಸಲ ಹೇಳ್ಬೇಡಿ. ಕೂಕಂಡ ಮೇಲ್ ಹೇಳಿ.”

ಇಷ್ಟು ದಿನ ನಾನು ಆಡಿದ ಆಟವೆಲ್ಲ ಅವರು ಉಳಿದೇ ಉಳಿಯುತ್ತಾರೆ ಎಂಬ ಧೈರ್ಯದ ಮೇಲೆ ನಿಂತಿತ್ತು. ಅವರು ಹಾಗೆ ಅಂದುಕೊಂಡೇ ಇರಲಿಲ್ಲ.

ಹೊಸ ಸೆಟ್ಟನ್ನು ಕೈಗೆತ್ತಿಕೊಂಡು ತಿರುಗಣಿಯನ್ನು ಎರಡಕ್ಕೆ ತಿರುಗಿಸಿದೆ. ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯಿದೆ. ಯಾರೇ ನಡುವೆ ಬಂದು ‘ಬ್ರೇಕ್’ ಎಂದರೆ, ಎಂಥ ಮಾತಿದ್ದರೂ ಎಲ್ಲರೂ ನಿಲ್ಲಿಸಿ ಅವರಿಗೆ ದಾರಿ ಬಿಡಲೇಬೇಕು.

“ಬ್ರೇಕ್, ಬ್ರೇಕ್,” ಎಂದು ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಹೆಸರು, ನನ್ನ ಕಾಲ್‌ಸೈನ್ ಹೇಳಿದೆ.

ಬ್ರಹ್ಮಾವರದಿಂದ ಬೈಂದೂರಿನವರೆಗೆ ಮೂವರು ಗಂಡಸರು ಬೆಪ್ಪಾಗಿ ಕೂತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಬೇರೆ ದಿನವಾಗಿದ್ದರೆ ಅದನ್ನೇ ಒಂದು ವಾರ ಸವಿಯುತ್ತಿದ್ದೆ.

“ಸಹಿ ಹಾಕುದ್ ನಾನ್,” ಎಂದೆ. “ಮೇಷ್ಟ್ರೇ, ನೀವ್ ಬನಿ, ಆರೆ ಸಹಿ ಹಾಕ್ಬೇಡಿ.”

ನನ್ನ ಸೆಟ್ಟಿನ ದೀಪ ಹತ್ತಿತು. ಯಾರೋ ಗುಂಡಿ ಒತ್ತಿದ್ದರು. ಹಿಂದಿನಿಂದ ಅಂಗಡಿಯ ಫ್ಯಾನಿನ ಸದ್ದು ಬರುತ್ತಿತ್ತು. ನನ್ನ ಗಂಡ ಹೇಳಿದರು: “ಹೆಣ್ಣೇ, ನಿಂಗೆ ಹೆದ್ರಿಕಿ ಅಂತ ಹೇಳ್ದದ್ದ್ ಸುಮ್ನೆ. ನಂಗೇ ಹೆದ್ರಿಕಿ. ನಿನ್ ಮುಖ ಕಂಡ್ರೆ ಮತ್ತೂ ಜಾಸ್ತಿ ಆತ್ತ್.”

ಊರೆಲ್ಲ ಕೇಳಬಹುದಾದ ಗಾಳಿಯಲ್ಲಿ ಅಷ್ಟು ಹೇಳಿಬಿಟ್ಟರು. ಅಷ್ಟು ವರ್ಷಗಳ ಸಂಸಾರದಲ್ಲಿ ಮನೆಯೊಳಗೆ ಒಮ್ಮೆಯೂ ಹೇಳದವರು. ನನಗೆ ಅವರ ಮೇಲೆ ಅಷ್ಟು ಪ್ರೀತಿಯೆನಿಸಿದ್ದು ಅದಕ್ಕಿಂತ ಮೊದಲು ಇಲ್ಲ. ಆದರೂ ಕಾಲ್‌ಸೈನ್ ಸರಿಯಾಗಿಯೇ ಹೇಳಿ, “ಅಂಗ್ಡಿ ಬಾಗ್ಲ್ ಹಾಕಿ ಬನಿ. ನಾಳೆ ನಾನೂ ಬತ್ತೆ,” ಎಂದೆ.

ಮರುದಿನ ಮೇಷ್ಟ್ರೂ ಹೋಟೆಲಿನವರೂ ನಾವೂ ಉಡುಪಿಗೆ ಹೋದೆವು. ಮೂಗಿಗೆ ಸೆರಗು ಒತ್ತಿಕೊಂಡೇ ಸಹಿ ಹಾಕಿದೆ. ಅವರನ್ನು ಗಾಲಿಮಂಚದ ಮೇಲೆ ಒಳಗೆ ತಳ್ಳಿಕೊಂಡು ಹೋಗುವವರೆಗೆ ನಿಂತೇ ಇದ್ದೆ. ಬಾಗಿಲು ಮುಚ್ಚಿತು. ಆಮೇಲಿನದು ನನಗೆ ಗೊತ್ತಿಲ್ಲ. ಮೇಷ್ಟ್ರು ಹೇಳುವ ಪ್ರಕಾರ ಗೋಡೆಗೆ ಒರಗಿದವಳು ಹಾಗೇ ಜಾರಿ ಬಿದ್ದೆನಂತೆ. ಇಬ್ಬರು ಗಂಡಸರೂ, ಒಬ್ಬ ನರ್ಸೂ ಸೇರಿ ಬೆಂಚಿನ ಮೇಲೆ ಮಲಗಿಸಿ, ನಾನೇ ತುಂಬಿ ತಂದಿದ್ದ ಫ್ಲಾಸ್ಕಿನ ನೀರನ್ನು ಆರಿಸಿ ಮುಖಕ್ಕೆ ಚಿಮುಕಿಸಿದರಂತೆ.

ಎದ್ದವಳನ್ನು ನರ್ಸು ಮತ್ತೆ ಮಲಗಿಸಿದ್ದಕ್ಕೆ ನಿದ್ದೆ ಹತ್ತಿತಂತೆ. ಮತ್ತೆ ಕಣ್ಣು ಬಿಟ್ಟಾಗ ಗಾಲಿಮಂಚ ನನ್ನ ಬೆಂಚಿನ ಪಕ್ಕದಲ್ಲೇ ನಿಂತಿತ್ತು. ಕೆಲಸ ಮುಗಿದಿತ್ತು. ನಾಳ ತೆರೆದಿತ್ತು. ಮಲಗಿದ್ದಲ್ಲಿಂದಲೇ ಅವರು ನನ್ನ ಕಡೆ ಮುಖ ಹೊರಳಿಸಿ ನೋಡುತ್ತಿದ್ದರು. ಮುಖ ಬಿಳಿಚಿತ್ತು, ಕಣ್ಣು ಮಾತ್ರ ನಗುತ್ತಿತ್ತು.

“ನೀನ್ ಬೀಳ್ತೆ ಅಂತ ಗೊತ್ತಿತ್ತಲೆ,” ಎಂದರು. “ಎಂತಕ್ಕೆ ಬಂದದ್ದ್?”

“ಮನಿಯಗೆ ಬಿದ್ರೆ,” ಎಂದೆ, “ನಿಮ್ಗೆ ಗೊತ್ತಾಪ್ಪುದ್ ಹ್ಯಾಂಗೆ?”