ಲಾಕ್ ಹಿಂದೆ ಹಾಕು ಅಂದಿದ್ದಳು

ತಂಗಿ ದಿನಾ ಜೀಪು ಓಡಿಸುವ ದಾರಿಯನ್ನು ನಾನು ಹೋಗಿ ನೋಡಲಿಲ್ಲ. ಅವಳು ನಾಲ್ಕು ಸಲ ಕರೆದಿದ್ದಳು, ನಾಲ್ಕು ಸಲವೂ ಹೋಗಲಿಲ್ಲ. ಹೋಗದೆಯೇ ಅವಳ ಜೀಪಿಗೆ ಏನು ಬೇಕೆಂದು ನಾನೇ ತೀರ್ಮಾನಿಸಿದೆ. ಆ ತೀರ್ಮಾನ ಕೆಟ್ಟಾಗ, ಜನರ ಎದುರು, ತಪ್ಪು ಅವಳದೆಂದು ಹೇಳಿದೆ. ಮೊದಲನೆಯದನ್ನು ಸೋಮಾರಿತನ ಅನ್ನಬಹುದು. ಎರಡನೆಯದಕ್ಕೆ ಅಷ್ಟು ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ.

ನಾನು ಪಾಣೆಮಂಗಳೂರಿನಲ್ಲಿ ಜೀಪು ರಿಪೇರಿ ಮಾಡುವವನು. ಆರನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟು ಗ್ಯಾರೇಜು ಸೇರಿದೆ. ಬರೆದು ಅಭ್ಯಾಸವಿಲ್ಲ, ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ತಂಗಿಯನ್ನು ಮದುವೆ ಮಾಡಿಕೊಟ್ಟದ್ದು ಬೆಳ್ತಂಗಡಿಯಿಂದಾಚೆ, ಘಟ್ಟದ ಬುಡದ ಒಂದು ಊರಿಗೆ. ಭಾವ ದುಬಾಯಿಯಲ್ಲಿದ್ದಾರೆ. ಅವರ ಹಳೆಯ ಜೀಪು ಶೆಡ್ಡಿನಲ್ಲಿ ತುಕ್ಕು ಹಿಡಿಯುವುದನ್ನು ನೋಡಲಾಗದೆ ಅವಳು ಓಡಿಸಲು ಕಲಿತಳು. ಕಲಿತವಳು ಸುಮ್ಮನೆ ಕೂರದೆ ಊರಿನ ಹಾಲಿನ ಸಂಘದ ಕೆಲಸ ಹಿಡಿದಳು. ಅಲ್ಲಿ ಡಾಮರು ರಸ್ತೆ ಮುಗಿದ ಮೇಲೆ ಗುಡ್ಡದಲ್ಲಿ ಹನ್ನೊಂದು ಮನೆಗಳಿವೆ. ಬೆಳಿಗ್ಗೆ ಖಾಲಿ ಕ್ಯಾನು ಮತ್ತು ದನಗಳ ಹಿಂಡಿಯ ಮೂಟೆ ಮೇಲಕ್ಕೆ, ಹಾಲು ತುಂಬಿದ ಕ್ಯಾನು ಕೆಳಕ್ಕೆ. ಮಳೆಗಾಲದಲ್ಲಿ ಆ ಮಣ್ಣಿನ ದಾರಿಗೆ ಬೇರೆ ಯಾರೂ ಗಾಡಿ ಇಳಿಸುತ್ತಿರಲಿಲ್ಲ. ಅವಳು ಟಯರಿಗೆ ಸರಪಳಿ ಸುತ್ತಿ, ಜಾರುತ್ತಾ ನಿಲ್ಲುತ್ತಾ ಎರಡು ಮಳೆಗಾಲ ದಾಟಿಸಿದ್ದಳು.

ಹೋದ ಬೇಸಗೆಯಲ್ಲಿ ಭಾವ ರಜೆಗೆ ಬರುವಾಗ ಒಂದು ಲಾಕರ್ ತಂದರು. ಅದು ಡಿಫರೆನ್ಷಿಯಲಿನ ಒಳಗೆ ಕೂರಿಸುವ ಸಾಮಾನು. ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡುವುದು ಡಿಫರೆನ್ಷಿಯಲಿನ ಕೆಲಸ. ಆದರೆ ಒಂದು ಚಕ್ರ ಕೆಸರಿಗೆ ಬಿದ್ದರೆ, ತೋಟದ ಕಣಿಯ ನೀರು ತಗ್ಗಿಗೇ ಓಡುವ ಹಾಗೆ, ಇಂಜಿನಿನ ಶಕ್ತಿಯೆಲ್ಲ ಆ ಚಕ್ರಕ್ಕೇ ಹೋಗಿ ಅದೊಂದೇ ಗಿರಗಿರ ತಿರುಗುತ್ತದೆ. ಗಟ್ಟಿ ನೆಲದ ಮೇಲಿನ ಚಕ್ರ ನಿಂತೇ ಇರುತ್ತದೆ. ಸ್ವಿಚ್ಚು ಒತ್ತಿ ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗಲೇಬೇಕು. ನಮ್ಮ ಜೀಪಿಗೆ ಮುಂದೊಂದು ಹಿಂದೊಂದು ಡಿಫರೆನ್ಷಿಯಲ್, ಅವು ಕೂರುವ ಹೌಸಿಂಗ್ ಎರಡೂ ಒಂದೇ ಅಳತೆಯವು, ಆದ್ದರಿಂದ ಎಲ್ಲಿ ಬೇಕಾದರೂ ಕೂರಿಸಬಹುದಿತ್ತು. ಆದರೆ ಭಾವನಿಗೆ ಸಿಕ್ಕಿದ್ದು ಒಂದೇ.

“ಹಿಂದೆ ಹಾಕು ಅಣ್ಣ,” ಅಂದಳು ತಂಗಿ. “ಹತ್ತುವಾಗ ಹಿಂಡಿ ಮೂಟೆ ಎಲ್ಲ ಹಿಂದೆ ಇರ್ತದೆ. ಮುಂದಿನ ಚಕ್ರಕ್ಕೆ ನೆಲ ಸಿಕ್ಕುದೇ ಕಷ್ಟ.”

“ನಿನಗೆ ಎಂತ ಗೊತ್ತುಂಟು? ಮುಂದೆ ಇದ್ದರೆ ಎಳೀತದೆ. ನಾನು ಮೂಡುಬಿದಿರೆಯಲ್ಲಿ ಕಣ್ಣಾರೆ ನೋಡಿದ್ದೇನೆ.”

“ಮೂಡುಬಿದಿರೆಯಲ್ಲಿ ಹಾಲಿನ ಕ್ಯಾನು ಇತ್ತಾ?”

“ಕ್ಯಾನು ಎಲ್ಲಿಂದ ಮಾರಾಯ್ತಿ, ಅದು ಜೀಪಿನ ರೇಸು!”

“ಹಾಗಾದರೆ ಒಮ್ಮೆ ಬಾ. ನನ್ನ ಒಟ್ಟಿಗೆ ಕೂತು ಮೂರನೇ ತಿರುವು ನೋಡು. ಮತ್ತೆ ನಿನಗೆ ಎಲ್ಲಿ ಬೇಕೋ ಅಲ್ಲಿ ಹಾಕು.”

“ಬರುವ, ಬರುವ,” ಅಂದೆ.

ಮೂಡುಬಿದಿರೆಯಲ್ಲಿ ನಾನು ನೋಡಿದ್ದು ಸುಳ್ಳಲ್ಲ. ಕೆಸರಿನ ಹೊಂಡಕ್ಕೆ ಮೂಗು ಹಾಕಿ ಕೂತ ಒಂದು ಜೀಪು, ಮುಂದಿನ ಲಾಕ್ ಹಾಕಿದ ಕೂಡಲೇ ಮುಂಗಾಲು ಊರಿ ಏಳುವ ಕುದುರೆಯ ಹಾಗೆ ಎದ್ದು ಬಂದಿತ್ತು. ಜನರ ಶಿಳ್ಳೆ ಇನ್ನೂ ಕಿವಿಯಲ್ಲಿತ್ತು. ಆದರೆ ನಾನು ಮುಂದೆ ಹಾಕಿದ್ದಕ್ಕೆ ನಿಜವಾದ ಕಾರಣ ಬೇರೆಯೇ ಇದೆ. ಹಿಂದಿನ ಹೌಸಿಂಗ್ ಬಿಚ್ಚುವುದು ಸುಲಭ. ಎರಡು ಆಕ್ಸಲ್ ಎಳೆದರೆ ಮುಗಿಯಿತು, ಯಾವ ಮೇಸ್ತ್ರಿಯೂ ಮಾಡುತ್ತಾನೆ. ಮುಂದಿನದರಲ್ಲಿ ಚಕ್ರದ ಹಬ್ಬು, ಸ್ಟೇರಿಂಗಿನ ಜೋಡಣೆ ಎಲ್ಲ ಬಿಚ್ಚಿ ಮತ್ತೆ ಕೂರಿಸಬೇಕು. ಬಂಟ್ವಾಳದ ಕಡೆ ಆ ಕೆಲಸ ಮಾಡಿದವರು ಯಾರೂ ಇಲ್ಲವೆಂದು ಗ್ಯಾರೇಜಿನಲ್ಲಿ ಮಾತಾಗಿತ್ತು. ಮಾಡಿದವನು ನಾನೆಂದು ಅನ್ನಿಸಿಕೊಳ್ಳುವ ಆಸೆ ಹುಟ್ಟಿತು. ತಂಗಿಯ ಗಾಡಿಯಲ್ಲಿ ನನ್ನ ಹೆಸರು ಮೆರೆಸಲು ಹೊರಟೆ.

ನಮ್ಮಲ್ಲಿ ಒಂದು ಕ್ರಮವಿದೆ. ಕೆಲಸ ಮುಗಿದ ಗಾಡಿಯನ್ನು ಮೊದಲು ಓಡಿಸುವುದು ಮೇಸ್ತ್ರಿ, ಯಜಮಾನ ಪಕ್ಕದಲ್ಲಿ ಕೂರಬೇಕು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇತ್ರಾವತಿಯ ಬದಿಯ ಮರಳಿಗೆ ಇಳಿಸಿದೆ. ಚಕ್ರ ಅರ್ಧ ಹೂತುಹೋಗುವಂಥ ಸಡಿಲ ಮರಳಿನಲ್ಲಿ ಜೀಪು ನೇರ ಓಡಿತು. ಸೇತುವೆಯ ಮೇಲೆ ಬೈಕು ನಿಲ್ಲಿಸಿ ನೋಡುತ್ತಿದ್ದವರು ಕೈಬೀಸಿದರು.

“ಈಗ ಎಂತ ಹೇಳ್ತಿ?”

“ಇದು ಸಮತಟ್ಟು. ತಿರುವು ಎಲ್ಲಿ ಉಂಟು ಅಣ್ಣ ಇಲ್ಲಿ?” ಅಂದಳು.

“ತಿರುವಿನಲ್ಲಿ ಲಾಕ್ ತೆಗೆ. ಅಷ್ಟೆ.”

ಅವಳು ಕೀಗೆ ಕೈ ಚಾಚಿದಳು. ಜೀಪು ತೆಗೆದುಕೊಂಡು ಹೋದಳು.

ಮೊದಲ ದೊಡ್ಡ ಮಳೆ ಬಿದ್ದ ಮೂರನೆಯ ದಿನ ತಂಗಿಯ ಫೋನು ಬಂತು. ಮೂರನೆಯ ತಿರುವಿನಲ್ಲಿ ಲಾಕ್ ತೆಗೆದರೆ ಗಾಡಿ ಹಿಂದಕ್ಕೆ ಜಾರುತ್ತದೆ, ಹಾಕಿದರೆ ಮುಂದಿನ ಎರಡು ಚಕ್ರ ಒಂದೇ ಸಮ ಓಡಿ ಸ್ಟೇರಿಂಗ್ ಕೇಳುವುದಿಲ್ಲ. ಅವಳು ಹಾಕಿಯೇ ತಿರುಗಿಸಲು ನೋಡಿದಳು. ಜೀಪು ತಿರುಗದೆ ನೇರ ಚರಂಡಿಗೆ ಹೋಯಿತು. ಕಲ್ಲಿಗೆ ಬಡಿದ ಚಕ್ರ ಸ್ಟೇರಿಂಗನ್ನು ಹಿಂದಕ್ಕೆ ತಿರುಗಿಸಿ ಅವಳ ಬಲಗೈಯ ಮಣಿಕಟ್ಟು ಉಳುಕಿಸಿತು. ಆ ದಿನ ಹನ್ನೊಂದು ಮನೆಗಳ ಹಾಲು ಸಂಘಕ್ಕೆ ಮುಟ್ಟಲಿಲ್ಲ.

ಜೀಪನ್ನು ಎಳೆದು ತಂದು ನನ್ನ ಗ್ಯಾರೇಜಿನ ಎದುರು ಬಿಟ್ಟರು. ಸಂಘದ ಅಧ್ಯಕ್ಷರೂ ಬಂದಿದ್ದರು. ಹೆಚ್ಚು ಮಾತಾಡುವವರಲ್ಲ, ಕೊಡೆ ಮಡಚಿ ಕಂಬಕ್ಕೆ ಒರಗಿಸಿ ಕೇಳಿದರು, “ಅದೆಂತದೋ ಲಾಕ್ ಹಾಕಿಸಿದ್ದಾರೆ ಅಂತ ಇತ್ತಲ್ಲ ಮೇಸ್ತ್ರಿ. ಮತ್ತೆ ಹೇಗೆ ಹೀಗಾಯ್ತು?”

ಗ್ಯಾರೇಜಿನ ತುಂಬ ಜನ. ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದೆ, “ಗಾಡಿಗೆ ಎಂತದೂ ಆಗಲಿಲ್ಲ. ಓಡಿಸ್ಲಿಕ್ಕೆ ಗೊತ್ತಿರಬೇಕು.”

ಯಾರೋ ನಕ್ಕರು. ತಂಗಿ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಅಲ್ಲೇ ನಿಂತಿದ್ದಳು. ‘ಹಿಂದೆ ಹಾಕು ಅಂದಿದ್ದೆ’ ಎಂದು ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ನನ್ನನ್ನು ನೋಡಲೂ ಇಲ್ಲ, ಟಯರನ್ನು ನೋಡುತ್ತಾ ನಿಂತಳು.

ಅಧ್ಯಕ್ಷರು ಹೊರಡುವಾಗ ಅವಳಿಗೆ ಹೇಳಿದರು, “ಹಾಗಾದರೆ ಕಷ್ಟ ಮಗಾ. ಮಡಂತ್ಯಾರಿನ ಪಿಕಪ್ಪಿನವ ಈ ಕೆಲಸ ಕೇಳ್ತಾ ಇದ್ದಾನೆ. ಅವನ ಗಾಡಿ ಡಾಮರಿನವರೆಗೆ ಮಾತ್ರ ಬರುದು, ಮೇಲಿನವರು ತಲೆಯಲ್ಲಿ ಹೊತ್ತು ತರಬೇಕು. ಆದರೂ ದಿನಾ ಬರ್ತಾನಲ್ಲ. ಆದಿತ್ಯವಾರದವರೆಗೆ ನೋಡ್ತೇನೆ. ತುಂಬಿದ ಗಾಡಿ ಮೇಲೆ ಹೋದರೆ ನಿನ್ನ ಕೆಲಸ ನಿನಗೆ.”

ಮರುದಿನ ನಾನು ಬಸ್ಸು ಹತ್ತಿ ಬೆಳ್ತಂಗಡಿಗೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು, ಮತ್ತೆ ನಡಿಗೆ. ತಂಗಿಗೆ ಹೇಳಲಿಲ್ಲ. ಮೂರನೆಯ ತಿರುವಿಗೆ ಮುಟ್ಟುವ ಮೊದಲು ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ, ಅಷ್ಟು ಏರು. ಒಳಬದಿಯಲ್ಲಿ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲು, ಹೊರಬದಿಯಲ್ಲಿ ಚರಂಡಿ. ಅಕ್ಷರ ಓದುವಾಗ ನಾನು ಈಗಲೂ ತಡವರಿಸುತ್ತೇನೆ, ಟಯರಿನ ಗುರುತು ಓದುವಾಗ ಇಲ್ಲ. ಅವಳು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ್ದಳು. ಓರೆಯಾದ ಚಕ್ರಗಳು ಮಣ್ಣನ್ನು ಬದಿಗೆ ಕೆರೆಯುತ್ತಾ ಚರಂಡಿಯವರೆಗೆ ಹೋಗಿದ್ದವು. ಬ್ರೇಕು ಹಾಕಿದ್ದು ಕೂಡ ಸರಿಯಾದ ಜಾಗದಲ್ಲೇ. ನಾನು ಓಡಿಸಿದ್ದರೂ ಅದಕ್ಕಿಂತ ಚೆನ್ನಾಗಿ ಓಡಿಸುತ್ತಿರಲಿಲ್ಲ.

ಮೇಲಿನ ಮನೆಯ ಅಜ್ಜಿ ಹಾಲಿನ ಕ್ಯಾನು ತಲೆಯ ಮೇಲಿಟ್ಟುಕೊಂಡು ಇಳಿದು ಬಂದರು. ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಾರು ನೀನು?”

“ಜೀಪಿನವಳ ಅಣ್ಣ.”

“ಓ, ಮೇಸ್ತ್ರಿ! ಈಗ ಬಂದೆಯಾ? ಹೊಂಡ ನೋಡ್ಲಿಕ್ಕೆ?”

“ಕೊಡಿ ಅಜ್ಜಿ, ನಾನು ಹೊರುತ್ತೇನೆ,” ಅಂದೆ.

“ಬೇಡ. ನೀನು ಹಿಡಿದದ್ದು ನೆಟ್ಟಗೆ ಮುಟ್ಟುದಿಲ್ಲ ಅಂತ ಊರಿಗೇ ಗೊತ್ತಾಗಿದೆ,” ಎಂದು ಇಳಿದೇ ಹೋದರು.

ಅದೇ ಸಂಜೆ ತಂಗಿಯ ಮನೆಗೆ ಹೋಗಿ, “ಲಾಕ್ ಹಿಂದೆ ಹಾಕುವ,” ಎಂದಷ್ಟೇ ಹೇಳಿದೆ. ಹೇಳಬೇಕಾದ ಇನ್ನೊಂದು ಮಾತು ಹೇಳಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಸಣ್ಣವರ ಹತ್ತಿರ ತಪ್ಪಾಯಿತು ಅಂದದ್ದನ್ನು ನಾನು ಕೇಳಿಲ್ಲ. ಅಪ್ಪನಿಗೆ ತಪ್ಪು ಮಾಡಿದೆ ಅನ್ನಿಸಿದರೆ ಬಾಳೆಹಣ್ಣು ತರುತ್ತಿದ್ದರು. ನಾನೂ ಒಂದು ಗೊನೆ ಹಿಡಿದುಕೊಂಡೇ ಹೋಗಿದ್ದೆ. ಅವಳು ಅದನ್ನು ನೋಡಿ, ಕಷ್ಟದಲ್ಲಿ ನಗು ತಡೆದುಕೊಂಡು ಒಳಗೆ ತೆಗೆದುಕೊಂಡು ಹೋದಳು.

ಮರುದಿನ ಅವಳೂ ಗ್ಯಾರೇಜಿಗೆ ಬಂದಳು, ಜೀಪಿನ ಎರಡೂ ಹೌಸಿಂಗ್ ಬಿಚ್ಚಿದೆವು. ಅವಳು ಎಡಗೈಯಲ್ಲೇ ಬೋಲ್ಟು ತೊಳೆದು ಸಾಲಾಗಿ ಜೋಡಿಸಿ ಕೊಡುತ್ತಿದ್ದಳು. ಹಿಂದಿನ ಬೇರಿಂಗಿಗೆ ಕೂರಿಸಬೇಕಾದ ಒಂದು ಬಳೆ ನಮ್ಮಲ್ಲಿ ಸಿಗದೆ ಮೂಡುಬಿದಿರೆಯ ಲೇತಿಗೆ ಹೋಗಿ ಕಡೆಸಿ ತಂದೆ. ಲಾಕ್ ಬೀಳುವುದು ಗಾಳಿಯ ಒತ್ತಡದಿಂದ, ಆ ಗಾಳಿಯ ಪೈಪನ್ನು ಚಾಸಿಗೆ ಕಟ್ಟಿ ಹಿಂದಕ್ಕೆ ಒಯ್ದೆ. ಶನಿವಾರ ಮಧ್ಯಾಹ್ನ ಕೊನೆಯ ಬೋಲ್ಟು ಬಿಗಿದ ಮೇಲೆ ಅವಳು ರೂಢಿಯ ಪ್ರಕಾರ ಪಕ್ಕದ ಸೀಟಿಗೆ ಹತ್ತಲು ಹೋದಳು. ನಾನು ಕೀ ಅವಳ ಕೈಗೆ ಕೊಟ್ಟೆ.

“ಎಂತ? ಮೇಸ್ತ್ರಿ ಓಡಿಸುದಿಲ್ವಾ?”

“ಕೈ ನೋಯುದಿಲ್ಲದಿದ್ದರೆ ನೀನೇ ಓಡಿಸು. ದಾರಿ ಗೊತ್ತಿರುವುದು ನಿನಗೆ.”

ಆದಿತ್ಯವಾರ ಬೆಳಿಗ್ಗೆ ಮಳೆ ಬಿಡಲಿಲ್ಲ. ಡಾಮರು ಮುಗಿಯುವಲ್ಲಿ ಅಧ್ಯಕ್ಷರು ಕೊಡೆ ಹಿಡಿದು ನಿಂತಿದ್ದರು, ಪಿಕಪ್ಪಿನವನೂ ಬಂದಿದ್ದ. ಹಿಂಡಿಯ ಮೂಟೆಗಳನ್ನು ಟಾರ್ಪಾಲು ಹೊದೆಸಿ ತುಂಬಿದರು. ನಾನು ಹಿಂದೆ ಮೂಟೆಗಳ ಮೇಲೆ ಕೂತೆ, ಚಕ್ರ ಕಾಣಬೇಕೆಂದು. ಉಳಿದವರು ಒಳದಾರಿಯಲ್ಲಿ ನಡೆದು ಮೊದಲೇ ಮೂರನೆಯ ತಿರುವಿಗೆ ಹೋಗಿ ನಿಂತರು.

ಮೊದಲ ಎರಡು ತಿರುವು ಮಾಮೂಲಿಯಾಗಿ ದಾಟಿದೆವು. ಮೂರನೆಯದಕ್ಕೆ ಮೊದಲು ಅವಳು ಒಂದು ಗಳಿಗೆ ನಿಧಾನಿಸಿ ಸ್ವಿಚ್ಚು ಒತ್ತಿದಳು. ಹಿಂದೆ ‘ಟಕ್’ ಎಂದು ಲಾಕ್ ಬಿದ್ದದ್ದು ನನ್ನ ಕಾಲಿಗೆ ಗೊತ್ತಾಯಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿದಳು. ಈ ಸಲ ಜೀಪಿನ ಮೂಗು ಅವಳು ಹೇಳಿದ ಕಡೆಗೇ ತಿರುಗಿತು. ಒಳಬದಿಯ ಚಕ್ರ ಕಲ್ಲಿನ ಮೆಟ್ಟಿಲು ಹತ್ತುವಾಗ ಮುಂದಿನ ಇನ್ನೊಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗತೊಡಗಿತು. ಬೇಸಗೆಯಲ್ಲಿ ಲಾಕನ್ನು ನಾನು ಕೂರಿಸಿದ್ದು ಆ ಮುಂದಿನ ಚಕ್ರಗಳಿಗೆ! ಹಿಂದಿನ ಎರಡು ಚಕ್ರಗಳು ಮಾತ್ರ ಮೂಟೆಗಳ ಭಾರಕ್ಕೆ ನೆಲ ಕಚ್ಚಿ, ಒಂದೇ ಹೆಜ್ಜೆಯಲ್ಲಿ, ಆತುರವಿಲ್ಲದೆ ನೂಕಿದವು. ಅವಳು ಆಕ್ಸಿಲರೇಟರ್ ಒಂದು ನೂಲು ಹೆಚ್ಚು ಕೊಡಲಿಲ್ಲ, ಒಂದು ನೂಲು ಕಡಿಮೆ ಮಾಡಲಿಲ್ಲ. ಗಾಳಿಯಲ್ಲಿದ್ದ ಚಕ್ರ ‘ಧಡ್’ ಎಂದು ನೆಲಕ್ಕೆ ಬಂತು. ತಿರುವು ನಮ್ಮ ಹಿಂದೆ ಹೋಗಿತ್ತು.

ಬದಿಯಲ್ಲಿ ನಿಂತಿದ್ದವರು ಕೂಗಿದರು. ಪಿಕಪ್ಪಿನವನು ತಲೆಯ ಮೇಲಿನ ಪ್ಲಾಸ್ಟಿಕ್ಕನ್ನೇ ತೆಗೆದು ಬೀಸಿದ. ನಾನು ಮೂಟೆಗಳ ಮೇಲೆ ನಿಂತು ಏನೇನೋ ಕೂಗುತ್ತಿದ್ದೆ. ಅವಳು ನಿಲ್ಲಿಸಲಿಲ್ಲ. ಹಾರ್ನ್ ಒತ್ತಿ ಹಿಡಿದು ಹನ್ನೊಂದನೆಯ ಮನೆಯ ಅಂಗಳದವರೆಗೆ ಹೋಗಿಯೇ ಇಂಜಿನು ಬಂದ್ ಮಾಡಿದಳು. ಮನೆಮನೆಗಳಿಂದ ಕ್ಯಾನು ಬಂದವು. ಅಜ್ಜಿ ಜೀಪಿನ ಸುತ್ತ ಒಂದು ಸುತ್ತು ಬಂದು, “ಇವತ್ತು ನನ್ನ ತಲೆಗೆ ರಜೆ,” ಅಂದರು.

ಅಧ್ಯಕ್ಷರು ಏದುಸಿರು ಬಿಡುತ್ತಾ ಹತ್ತಿ ಬಂದರು. “ಇನ್ನು ಮಾತಿಲ್ಲ. ಕೆಲಸ ನಿನ್ನದೇ ಮಗಾ,” ಎಂದು ತಂಗಿಗೆ ಹೇಳಿ, ನನ್ನ ಬೆನ್ನು ತಟ್ಟಿದರು. “ಎಂತ ಹೇಳಿದರೂ ಅಣ್ಣನ ತಲೆ ದೊಡ್ಡದು. ನೀನು ಇಲ್ಲದಿದ್ದರೆ ಇವಳಿಂದ ಆಗ್ತಿತ್ತಾ ಮಾರಾಯ?”

ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು. ಅವಳ ನಗುವಿನಲ್ಲಿ ಕುಹಕವಿರಲಿಲ್ಲ, ಈ ಹೊಗಳಿಕೆಯನ್ನೂ ನಾನು ಇಟ್ಟುಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಳು. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

“ಇಲ್ಲ ಅಧ್ಯಕ್ಷರೇ,” ಅಂದೆ. “ನನ್ನ ತಲೆ ಅಲ್ಲ. ಹಿಂದೆ ಹಾಕು ಅಂತ ಇವಳು ಬೇಸಗೆಯಲ್ಲೇ ಹೇಳಿದ್ದು. ನಾನು ಕೇಳ್ಲಿಲ್ಲ.” ಮತ್ತೆ ತಂಗಿಯ ಕಡೆ ತಿರುಗಿ, ತಗ್ಗಿದ ಸ್ವರದಲ್ಲಿ, ಹೇಳಬೇಕಾದ್ದನ್ನು ಹೇಳಿದೆ.

“ಎಂತ? ಗಟ್ಟಿ ಹೇಳು ಮೇಸ್ತ್ರಿ,” ಅಂದರು ಅಜ್ಜಿ. “ಈ ಮಳೆಗೆ ಕೇಳುದಿಲ್ಲ.”

ಗಟ್ಟಿಯಾಗಿಯೇ ಹೇಳಿದೆ, ಅಂಗಳದಲ್ಲಿದ್ದವರಿಗೆಲ್ಲ ಕೇಳುವಷ್ಟು: “ಆ ದಿನವೂ ನೀನು ಸರಿಯಾಗಿಯೇ ಓಡಿಸಿದ್ದಿ. ನನ್ನ ತಪ್ಪನ್ನು ಎಲ್ಲರ ಎದುರು ನಿನ್ನ ತಲೆಗೆ ಕಟ್ಟಿದೆ. ತಪ್ಪಾಯ್ತು ಮಗಾ. ನನ್ನನ್ನು ಕ್ಷಮಿಸು.”