ಮೈಕಮ್ಮ ಮತ್ತು ಕಿತ್ತಳೆ ಕೂದಲಿನ ಹುಡುಗಿ

ಮೈಕಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಒಮ್ಮೆ ಕೈಗೆ ಮೈಕು ಸಿಕ್ಕಿದರೆ ಅದನ್ನು ವಾಪಸ್ಸು ಕೊಡುವ ಅಭ್ಯಾಸವೇ ಈ ಹೆಂಗಸಿಗಿಲ್ಲ ಎಂದು ಆರ್ಕೆಸ್ಟ್ರಾದವರು ಬೆನ್ನ ಹಿಂದೆ ಇಟ್ಟ ಹೆಸರು. ಬರಬರುತ್ತಾ ಮುಖದ ಮುಂದೆಯೇ ಕರೆಯತೊಡಗಿದರು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಮೈಕು ಕೊಡದಿರುವುದು ತಪ್ಪು ಎಂದು ಅವಳಿಗೆ ಯಾವತ್ತೂ ಅನ್ನಿಸಿದ್ದೇ ಇಲ್ಲ. ಮದುವೆ ಆರತಕ್ಷತೆ, ಕಂಪನಿಗಳ ವಾರ್ಷಿಕೋತ್ಸವ, ಹೊಸ ಅಂಗಡಿಯ ಉದ್ಘಾಟನೆ, ಎಲ್ಲಿ ಕರೆದರೂ ಮಿರಮಿರ ಮಿನುಗುವ ಬಟ್ಟೆ ತೊಟ್ಟು ಹೋಗಿ ನಿಂತುಬಿಡುತ್ತಿದ್ದಳು. ಕಂಠದ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಅವಳು ಮೇಲಿನ ಸ್ವರ ಹಿಡಿದು ನಿಂತಳೆಂದರೆ ಊಟದ ಸಾಲಿನಲ್ಲಿದ್ದವರು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕುತ್ತಿದ್ದರು.

ಅವಳ ಹಿಂದೆ, ಸ್ಟೇಜಿನ ಮೂಲೆಯಲ್ಲಿ, ಡ್ರಮ್ಸ್ ಮುಂದೆ ಕೂರುತ್ತಿದ್ದವನು ಅವಳ ಗಂಡ. ಕಡ್ಡಿಯಂಥ ಮನುಷ್ಯ, ಮಾತೂ ಅಷ್ಟಕ್ಕಷ್ಟೇ. ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು "ಆಯ್ತು" ಎಂಬುದೇ. ಹಾಡಿನ ನಡುವೆ ಎಲ್ಲೋ ಒಂದು ಕಡೆ ತಾಳ ಎಡವಿತು ಅನ್ನಿ, ಗಿಟಾರಿನವನು ಕೀಬೋರ್ಡಿನವನ ಮುಖ ನೋಡುತ್ತಿದ್ದ, ಕೀಬೋರ್ಡಿನವನು ಡ್ರಮ್ಸ್ ಕಡೆ ನೋಡುತ್ತಿದ್ದ, ಮೈಕಮ್ಮ ಸರಕ್ಕನೆ ತಿರುಗಿ ಗಂಡನನ್ನು ದುರುಗುಟ್ಟಿ ನೋಡುತ್ತಿದ್ದಳು. ಹಾಡು ಮುಗಿದ ಮೇಲೆ ಸುಮ್ಮನಿರುತ್ತಿದ್ದಳೇ? ನಮ್ಮ ಡ್ರಮ್ಸಿನವರು ಮನೆಯಲ್ಲೂ ಹೀಗೆಯೇ, ಕರೆದ ಹೊತ್ತಿಗೆ ಬರುವವರಲ್ಲ ಎಂದು ಮೈಕಿನಲ್ಲೇ ಹೇಳುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಗಂಡನೂ ನಗುತ್ತಿದ್ದ. ಕೆಲವರಂತೂ ಮುಂಗಡ ಕೊಡುವಾಗಲೇ, ಆ ಗಂಡ ಹೆಂಡತಿ ಜಗಳದ ಐಟಮ್ಮೂ ಇರಲಿ ಎಂದು ಕೇಳಿಕೊಳ್ಳುತ್ತಿದ್ದರಂತೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ಆರತಕ್ಷತೆಯಲ್ಲಿ ಮದುಮಗಳು ಒಳಗೆ ಬರುವ ಹಾಡೇ ಕೆಟ್ಟು ಕೆರ ಹಿಡಿಯಿತು. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಲು ಕಲಿತು ಬಂದಿದ್ದ ಮದುಮಗಳು ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಂಟಿಕಾಲಿನಲ್ಲಿ ನಿಂತುಬಿಟ್ಟಳು. ವಾಪಸ್ಸು ಬರುವಾಗ ವ್ಯಾನಿನಲ್ಲಿ ಮೈಕಮ್ಮನ ಸಿಟ್ಟು ನೆತ್ತಿಗೇರಿತ್ತು. ಇವರ ಬದಲು ಒಂದು ಮೆಷಿನ್ ತಂದಿಟ್ಟರೂ ಇದಕ್ಕಿಂತ ವಾಸಿ ಎಂದುಬಿಟ್ಟಳು. ಗಂಡ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಮುಂದಿನ ಸೀಟಿನಲ್ಲಿದ್ದ ಓನರ್ ಮಾತ್ರ ಕಿವಿ ನಿಮಿರಿಸಿದ. ಆರ್ಕೆಸ್ಟ್ರಾದ ಓನರೂ ಅವನೇ, ಕೀಬೋರ್ಡಿನವನೂ ಅವನೇ. ಅಂಗಡಿಯಲ್ಲಿ ಅಂಥದ್ದೊಂದು, ತಾನೇ ತಾಳ ಬಾರಿಸುವ ರಿದಂ ಮೆಷಿನ್ ನೋಡಿ ಬಂದಾಗಿನಿಂದ ಅವನಿಗೆ ಅದರ ಮೇಲೆಯೇ ಕಣ್ಣು. ಹೆಂಡತಿಯೇ ಹೀಗೆ ಹೇಳಿದ ಮೇಲೆ ಇನ್ಯಾರ ಹಂಗು?

ಮಾರನೆಯ ದಿನವೇ ಫೋನು ಬಂತು. ಮೆಷಿನ್ ಆರ್ಡರ್ ಮಾಡಿ ಆಯಿತು, ಇನ್ನು ಮುಂದೆ ಡ್ರಮ್ಸ್ ಬೇಡ, ಅಣ್ಣ ಬೇಕಾದರೆ ಸ್ಪೀಕರ್ ಹೊರುವುದು, ವೈರು ಎಳೆಯುವುದು ನೋಡಿಕೊಳ್ಳಲಿ ಎಂದು. ಗಂಡ "ಆಯ್ತು" ಅಂದ. ಡ್ರಮ್ಸನ್ನು ಮನೆಗೆ ತಂದು ರೂಮಿನ ಮೂಲೆಗೆ ತಳ್ಳಿ ಹಳೆಯ ಬೆಡ್‌ಶೀಟ್ ಹೊದಿಸಿದ. ಎರಡು ದಿನದಲ್ಲಿ ಅದರ ಮೇಲೆ ಮಡಿಸಬೇಕಾದ ಬಟ್ಟೆ ರಾಶಿ ಬಿತ್ತು. ಮೈಕಮ್ಮ ಆ ಮೂಲೆಯ ಕಡೆ ನೋಡದೆಯೇ ಓಡಾಡುತ್ತಿದ್ದಳು. ಆದರೆ ಆಡಿದ ಮಾತು ವಾಪಸ್ಸು ತೆಗೆದುಕೊಳ್ಳುವುದು, ಹಿಡಿದ ಮೈಕು ವಾಪಸ್ಸು ಕೊಡುವುದು, ಎರಡೂ ಅವಳ ಜಾಯಮಾನದಲ್ಲೇ ಇರಲಿಲ್ಲ.

ಅದೇ ವಾರ ಮಗಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಸೋಫಾದ ಮೇಲೆ ಮಲಗಿದಳು. ಮಗಳು ನರ್ಸು. ಆಸ್ಪತ್ರೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅದೇ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಒಳ್ಳೇ ಅನುಕೂಲ ಎಂದು ತಾನೇ ನಗುತ್ತಿದ್ದಳು. ಅವಳ ಕೈಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಆಟದ ಯಂತ್ರ. ಅದರೊಳಗೆ ಐದು ಜನ ಹುಡುಗಿಯರು. ಹುಡುಗಿಯರೆಂದರೆ ನಿಜವಾದವರಲ್ಲ, ಚಿತ್ರದವರು: ಮುಖದ ಅರ್ಧಕ್ಕೆ ಕಣ್ಣು, ಉಳಿದರ್ಧಕ್ಕೆ ಕೆನ್ನೆ, ಮೂಗು ನೆಪಮಾತ್ರಕ್ಕೆ. ಹಾಡುವುದೇ ಅವರ ಕಸುಬು. ಹಾಡು ಶುರುವಾದರೆ ಮೇಲಿನಿಂದ ಬಣ್ಣದ ಚುಕ್ಕಿಗಳು ಉದುರುತ್ತವೆ, ಚುಕ್ಕಿ ಕೆಳಗಿನ ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಬೇಕು. ಒತ್ತಿದರೆ ಹುಡುಗಿ ಕುಣಿಯುತ್ತಾಳೆ. ತಪ್ಪಿದರೆ ಅವಳ ಮುಖ ಬಾಡುತ್ತದೆ. ತುಂಬಾ ತಪ್ಪಿದರೆ ಹಾಡು ಅರ್ಧಕ್ಕೇ ನಿಂತು, ಅವಳು ಸ್ಟೇಜಿನ ಮೇಲೆ ಮಂಡಿ ತಬ್ಬಿಕೊಂಡು ಕೂತು ಅಳುತ್ತಾಳೆ.

ಮೈಕಮ್ಮ ಮೊದಲ ನೋಟಕ್ಕೇ ಮೂಗು ಮುರಿದಳು. ಗಂಟಲು ಕೆರೆತವಿಲ್ಲ, ಮಂಡಿ ನೋವಿಲ್ಲ, ವಯಸ್ಸಾಗುವುದಿಲ್ಲ, ವ್ಯಾನಿನಲ್ಲಿ ಕೂತು ಅಲುಗಾಡಬೇಕಿಲ್ಲ. ಇವರೆಲ್ಲ ಹಾಡದೆ ಇನ್ನೇನು ಮಾಡುತ್ತಾರೆ? ಕಿತ್ತಳೆ ಬಣ್ಣದ ಕೂದಲಿನವಳ ಮೇಲಂತೂ ಅವಳಿಗೆ ಕೆಂಡದಂಥ ಕೋಪ. ಆ ಹುಡುಗಿ ಪ್ರತಿ ಹಾಡಿಗೂ ಮುಂಚೆ ಕಣ್ಣು ಮಿಟುಕಿಸುತ್ತಿದ್ದಳು.

ನೀನು ಇಷ್ಟು ವರ್ಷ ಹಾಡಿದವಳು, ನಿನಗೆ ಇದು ನೀರು ಕುಡಿದ ಹಾಗೆ ಎಂದು ಮಗಳು ಒಂದು ಮಧ್ಯಾಹ್ನ ಯಂತ್ರ ಕೈಗಿಟ್ಟಳು. ಮೈಕಮ್ಮ ಕನ್ನಡಕ ಏರಿಸಿಕೊಂಡು ಒಂದು ಚುಕ್ಕಿ ಒತ್ತಿದಳು. ತೆರೆಯ ಮೇಲೆ 'ಲೇಟ್' ಅಂತ ಬಂತು. ಇನ್ನೊಂದು ಒತ್ತಿದಳು. ಲೇಟ್. ಮತ್ತೂ ಲೇಟ್. ಆಮೇಲೆ ಮಿಸ್, ಮಿಸ್, ಮಿಸ್. ಪಲ್ಲವಿ ಮುಗಿಯುವ ಮೊದಲೇ ಕಿತ್ತಳೆ ಕೂದಲಿನವಳು ಮಂಡಿ ತಬ್ಬಿಕೊಂಡು ಕೂತಳು. ಬೆರಳು ದಪ್ಪ ಎಂದಳು ಮೈಕಮ್ಮ. ಬ್ಯಾಟರಿ ಕಮ್ಮಿ ಎಂದಳು. ಕೊನೆಗೆ ಯಂತ್ರವೇ ಸರಿಯಿಲ್ಲ ಎಂದಳು. ಮಗಳು ಅದೇ ಯಂತ್ರವನ್ನು ಇಸಿದುಕೊಂಡು, ಮಲಗಿದಲ್ಲಿಂದಲೇ ಅದೇ ಹುಡುಗಿಯನ್ನು ಕುಣಿಸಿ ತೋರಿಸಿದಳು.

ಆಮೇಲೆ ಮೈಕಮ್ಮ ಮಾಡಿದ್ದು ಯಾರಿಗೂ ಹೇಳುವಂಥದ್ದಲ್ಲ. ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿ, ನಲ್ಲಿ ಬಿಟ್ಟು, ಮಗುಚಿದ ಬಕೆಟ್ಟಿನ ಮೇಲೆ ಕೂತು ಆಡಿದಳು. ಚುಕ್ಕಿ ಬಿಟ್ಟು ಹಾಡು ಕೇಳಿಕೊಂಡು ಒತ್ತಿದಳು, ಲೇಟ್. ಹಾಡು ಬಿಟ್ಟು ಚುಕ್ಕಿ ನೋಡಿಕೊಂಡು ಒತ್ತಿದಳು, ಲೇಟ್. ತಾನೇ ಜೊತೆಗೆ ಹಾಡಿಕೊಂಡು ಒತ್ತಿದಳು. ಆಗಂತೂ ಆ ಹುಡುಗಿ ಇನ್ನೂ ಬೇಗ ಅತ್ತಳು. ಹೊರಗೆ ಮಗಳು, ಬಚ್ಚಲಿನಲ್ಲಿ ಯಾರಮ್ಮ ಅಳುತ್ತಿರುವುದು ಎಂದು ಕೂಗಿ ಕೇಳಿದಳು. ಮೈಕಮ್ಮ ನಲ್ಲಿ ಇನ್ನಷ್ಟು ಜೋರಾಗಿ ಬಿಟ್ಟಳು.

ಕೊನೆಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಗಂಡನ ಮುಂದೆ ಯಂತ್ರ ಹಿಡಿದಳು. ತಾಳ ತಪ್ಪುವ ಈ ಮನುಷ್ಯ ತನಗಿಂತ ಕಡೆಯಾಗಿ ಆಡಿದರೆ ತನಗೊಂದಿಷ್ಟು ಸಮಾಧಾನವಾದರೂ ಆದೀತು ಎಂಬುದು ಅವಳ ಲೆಕ್ಕಾಚಾರ. ಅವನು ಕೈ ಒರೆಸಿಕೊಂಡ, ಯಂತ್ರವನ್ನು ಮೊದಲು ತಲೆಕೆಳಗಾಗಿ ಹಿಡಿದ, ತಿರುಗಿಸಿಕೊಟ್ಟ ಮೇಲೆ ಆಡತೊಡಗಿದ. ಪರ್ಫೆಕ್ಟ್. ಪರ್ಫೆಕ್ಟ್. ಪರ್ಫೆಕ್ಟ್. ಹಾಡು ಮುಗಿಯುವವರೆಗೂ ತೆರೆಯ ಮೇಲೆ ಬೇರೆ ಮಾತೇ ಬರಲಿಲ್ಲ. ಐದೂ ಹುಡುಗಿಯರು ಒಟ್ಟಿಗೆ ಬಂದು ಬಣ್ಣದ ಕಾಗದದ ಚೂರು ಎರಚಿ ಕುಣಿದರು. ಹುಡುಗಿ ಪಾಪ ಚೆನ್ನಾಗಿ ಹಾಡುತ್ತಾಳೆ ಎಂದು ಅವನು ಮತ್ತೆ ಪಾತ್ರೆಯ ಕಡೆ ತಿರುಗಿದ.

ಮೈಕಮ್ಮ ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ಹಾಗಾದ್ರೆ ಸ್ಟೇಜ್ ಮೇಲೆ ಯಾಕ್ರೀ ತಪ್ಪೋದು ನೀವು?"

"ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ ಬರ್ತೀನಿ ಅಷ್ಟೇ."

"ಬಾ ಅಂತ ನಾನು ಹೇಳಿದ್ನಾ?"

"ಮತ್ತಿನ್ನೇನು, ನಡುರಸ್ತೇಲಿ ಬಿಟ್ಟು ಬರಕ್ಕಾಗುತ್ತಾ?" ಎಂದು ಅವನು ಬಾಣಲೆ ಉಜ್ಜತೊಡಗಿದ.

ಅವಳಿಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ವರ್ಷ ಬಾಯಿಗೆ ಬಂದ ಹಾಗೆ ಬೈಸಿಕೊಂಡು, ಒಂದು ದಿನವಾದರೂ ಬಾಯಿ ಬಿಟ್ಟನೇ ಈ ಮಹಾರಾಯ? ಆಮೇಲೆ ಒಂದೊಂದೇ ನೆನಪಾಯಿತು. ಮೇಲಿನ ಸ್ವರದ ಖುಷಿಯಲ್ಲಿ ಅವಳು ನಿಂತೇ ಬಿಡುತ್ತಿದ್ದಳು. ಅವನೂ ಕೋಲು ಎತ್ತಿ ಹಿಡಿದು ಕಾಯುತ್ತಿದ್ದ. ಅವಳು ತಡವಾಗಿ ಇಳಿದ ಜಾಗಕ್ಕೇ ಪೆಟ್ಟು ಬೀಳುತ್ತಿತ್ತು. ಅವಳಿಗೆ ಸರಿ ಅನ್ನಿಸುತ್ತಿತ್ತು. ಆದರೆ ಗಿಟಾರು ಕೀಬೋರ್ಡು ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತಿದ್ದವು, ಡ್ರಮ್ಸ್ ಹಿಂದೆ ಬಿದ್ದಂತೆ ಕೇಳುತ್ತಿತ್ತು, ಎಲ್ಲರೂ ಅವನನ್ನು ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು. ಅವಳ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಆ ಮನುಷ್ಯ ಹಲ್ಲು ಕಿರಿಯುತ್ತಾ ಕೂತಿದ್ದ. ಮೈಕಮ್ಮ ರೂಮಿಗೆ ಹೋಗಿ ಡ್ರಮ್ಸ್ ಮೇಲಿನ ಬಟ್ಟೆಯನ್ನೆಲ್ಲ ಮಡಿಸಿಟ್ಟಳು. ಮಡಿಸುತ್ತಾ ಮಡಿಸುತ್ತಾ ಅತ್ತಳು. ಇವನ ಜಾಗ ಇವನಿಗೆ ಕೊಡಿಸಲೇಬೇಕು, ಅದಕ್ಕೆ ತಾನು ಬಾಯಿ ಬಿಡಲೇಬೇಕು, ಬಿಟ್ಟರೆ ತನ್ನ ಗತಿ ಏನಾಗುತ್ತದೋ ಎಂಬ ಹೆದರಿಕೆಯೂ ಇತ್ತು.

ರಿಹರ್ಸಲ್ ನಡೆಯುತ್ತಿದ್ದದ್ದು ಟೈರ್ ಅಂಗಡಿಯ ಮೇಲಿನ ರೂಮಿನಲ್ಲಿ. ಮೆಷಿನ್ ಇನ್ನೂ ಬಂದಿರಲಿಲ್ಲ. ಅವತ್ತು ಗಂಡನನ್ನೂ ಎಳೆದುಕೊಂಡು ಬಂದ ಮೈಕಮ್ಮ ಮೈಕು ಮುಟ್ಟದೆ ನಿಂತದ್ದನ್ನು ನೋಡಿಯೇ ಗಿಟಾರಿನವನಿಗೆ ಗಾಬರಿಯಾಯಿತು. ತಾಳ ತಪ್ಪುತ್ತಿದ್ದದ್ದು ಇವರಲ್ಲ, ನಾನು ಎಂದು ಅವಳು ಹೇಳಿದಳು. ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ವರ್ಷಗಟ್ಟಲೆ ಮೈಕಿನಲ್ಲಿ ಸಾರಿದ್ದನ್ನು ಒಂದು ಮಾತಿನಲ್ಲಿ ಅಳಿಸಲಾದೀತೇ? ಗಂಡನ ಕೆಲಸ ಉಳಿಸುವುದಕ್ಕೆ ಅಕ್ಕ ತಪ್ಪು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದು ಓನರ್ ಮೆಚ್ಚಿಕೊಂಡ. ಎಂಥಾ ಹೆಂಡತಿ ಎಂದು ಗಿಟಾರಿನವನು ಕಣ್ಣು ಬೇರೆ ಒರೆಸಿಕೊಂಡ. ಬೈಗುಳಕ್ಕಾದರೆ ಸಿದ್ಧಳಾಗಿ ಬಂದಿದ್ದ ಮೈಕಮ್ಮನಿಗೆ ಈ ಹೊಗಳಿಕೆ ತಡೆಯಲಾಗಲಿಲ್ಲ. ಕೈಚೀಲದಿಂದ ಯಂತ್ರ ತೆಗೆದಳು.

ಎಲ್ಲರೂ ಸುತ್ತ ನಿಂತರು. ಕಿತ್ತಳೆ ಕೂದಲಿನವಳು ಕಣ್ಣು ಮಿಟುಕಿಸಿದಳು. ಮೈಕಮ್ಮ ಪ್ರಾಮಾಣಿಕವಾಗಿ, ಮೈಯೆಲ್ಲ ಕಣ್ಣಾಗಿ, ನಾಲಿಗೆ ಕಚ್ಚಿಕೊಂಡು ಆಡಿದಳು. ಲೇಟ್, ಲೇಟ್, ಮಿಸ್. ಹುಡುಗಿ ಕೂತು ಅತ್ತಳು. ಇನ್ನೊಂದು ಸಲ ಆಡಿದಳು, ಹುಡುಗಿ ಇನ್ನೊಂದು ಸಲ ಅತ್ತಳು. ಯಾರೂ ನಗಲಿಲ್ಲ. ಆಮೇಲೆ ಯಂತ್ರವನ್ನು ಗಂಡನ ಕೈಗೆ ತುರುಕಿದಳು. ಬೇಕೆಂದೇ ತಪ್ಪಾಗಿ ಗಿಪ್ಪಾಗಿ ಆಡಿದರೆ ಮನೆಗೆ ಸೇರಿಸುವುದಿಲ್ಲ ಎಂದು ಕಿವಿಯಲ್ಲಿ ಹೇಳಿದಳು. ಅವನು ಆಡಿದ. ಬಣ್ಣದ ಕಾಗದ ಎರಚುವವರೆಗೂ ಓನರ್ ಬಗ್ಗಿ ನೋಡುತ್ತಲೇ ಇದ್ದ.

ಓನರ್ ಕೆಟ್ಟವನಲ್ಲ, ವ್ಯಾಪಾರಸ್ಥ. ಅವತ್ತೇ ಮೆಷಿನ್ ಬೇಡವೆಂದು ಅಂಗಡಿಗೆ ಫೋನು ಮಾಡಿದ. ಮೈಕಮ್ಮ ಉಸಿರು ಬಿಟ್ಟಳು. ಫೋನು ಜೇಬಿಗಿಟ್ಟವನು ಕತ್ತು ಕೆರೆದುಕೊಂಡ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ."

ಅವನ ನಾದಿನಿಯೊಬ್ಬಳು ಹಾಡುತ್ತಾಳಂತೆ, ತಾಳ ಗಟ್ಟಿಯಂತೆ. ಗಂಡ ಬಾಯಿ ತೆರೆಯುವುದರೊಳಗೆ ಮೈಕಮ್ಮ ಅವನ ಕಾಲು ತುಳಿದಳು.

ಮನೆಗೆ ಬಂದ ಮೇಲೆ ಅವನು ನಾನು ಹೋಗುವುದಿಲ್ಲ ಎಂದ. ಅವನು ಹಾಗೆ ಇಲ್ಲ ಎಂದದ್ದನ್ನು ಅವಳು ಕೇಳಿದ್ದೇ ಅವತ್ತು. ಹೋಗದಿದ್ದರೆ ನಾನು ಇಡೀ ದಿನ ಮನೆಯಲ್ಲೇ ಕೂತು ನಿಮ್ಮ ತಲೆಯ ಮೇಲೆ ಹಾಡುತ್ತೇನೆ ಎಂದು ಹೆದರಿಸಿದಳು. ಮಗಳು ಸೋಫಾದಿಂದಲೇ, ಅಪ್ಪಾ ದಯವಿಟ್ಟು ಹೋಗು ಎಂದಳು. ಅವನು ಹೋದ.

ಭಾನುವಾರ ಬೆಳಗಿನ ಆರತಕ್ಷತೆಗೆ ಮೈಕಮ್ಮ ಸಾದಾ ಬಟ್ಟೆಯುಟ್ಟು ಬಂದು ಐದನೇ ಸಾಲಿನಲ್ಲಿ ಕೂತಳು. ಕರೆದವರು ಯಾರೂ ಇಲ್ಲ. ಗಂಡಿನ ಕಡೆಯವರು ಹೆಣ್ಣಿನ ಕಡೆ ಎಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಕಡೆ ಎಂದುಕೊಂಡರು. ನಾದಿನಿ ಹಾಡಲು ಶುರುಮಾಡಿದಳು. ಕಂಠ ಪರವಾಗಿಲ್ಲ, ಅಷ್ಟೇ. ಮೈಕಮ್ಮನಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ಆಮೇಲೆ ಅವಳ ಕಣ್ಣು ಹಿಂದಿನ ಮೂಲೆಗೆ ಹೋಯಿತು.

ಮದುವೆಯಾದಾಗಿನಿಂದ ಅವಳು ಈ ಮನುಷ್ಯನಿಗೆ ಬೆನ್ನು ಹಾಕಿಯೇ ಹಾಡಿದ್ದಳು. ತಿರುಗಿ ನೋಡಿದ್ದೆಲ್ಲ ಬೈಯುವುದಕ್ಕೆ. ಅವನು ನುಡಿಸುವುದನ್ನು ಎದುರಿಗೆ ಕೂತು ಒಂದು ದಿನವೂ ನೋಡಿರಲಿಲ್ಲ. ಕಡ್ಡಿಯಂಥ ಕೈಗಳು ಎಲ್ಲೂ ತಡವರಿಸದೆ ಓಡಾಡುತ್ತಿದ್ದವು. ಕತ್ತು ಸಣ್ಣಗೆ ಕುಣಿಯುತ್ತಿತ್ತು. ಯಾರನ್ನೂ ಕಾಯಬೇಕಿರಲಿಲ್ಲ, ಯಾರ ಹಿಂದೆಯೂ ಓಡಬೇಕಿರಲಿಲ್ಲ. ಅವನ ಮುಖದಲ್ಲಿದ್ದ ಆ ಸಂತೋಷ ಮೈಕಮ್ಮನಿಗೆ ಪರಿಚಯವೇ ಇರಲಿಲ್ಲ. ಅಯ್ಯೋ, ಇಷ್ಟು ಚೆನ್ನಾಗಿ ನುಡಿಸುತ್ತಾನಲ್ಲ ನನ್ನ ಗಂಡ, ಎಂದುಕೊಂಡಳು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಮೊಣಕೈಯಿಂದ ತಿವಿದು ಹೇಳಿದಳು.

"ಡ್ರಮ್ಸ್ ಬಾರಿಸ್ತಿರೋರು ನಮ್ಮೋರು."

ಸಭೆ ಹಾಡಿನ ಜೊತೆ ಚಪ್ಪಾಳೆ ತಟ್ಟತೊಡಗಿತ್ತು. ಮೈಕಮ್ಮ ಖುಷಿ ತಡೆಯಲಾರದೆ ಎರಡೂ ಕೈ ಎತ್ತಿ, ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ತಟ್ಟಿದಳು. ಸ್ಟೇಜಿನ ಮೂಲೆಯಲ್ಲಿ ಗಂಡನ ತಲೆ ಥಟ್ಟನೆ ಮೇಲೆದ್ದಿತು. ಅಷ್ಟು ಚಪ್ಪಾಳೆಗಳ ನಡುವೆ ಅವನಿಗೆ ಅದೊಂದು ಹೇಗೆ ಕೇಳಿಸಿತೋ. ಅವನ ಕೋಲು ಗಾಳಿಯಲ್ಲಿ ಕ್ಷಣಕಾಲ ನಿಂತಿತು, ಕಾಯಿತು, ಅವಳ ಚಪ್ಪಾಳೆ ಬಿದ್ದ ಜಾಗಕ್ಕೇ ಬಂದು ಬಿತ್ತು. ಗಿಟಾರಿನವನು ಕೀಬೋರ್ಡಿನವನ ಮುಖ ನೋಡಿದ. ನಾದಿನಿ ಪದ ನುಂಗಿ, ಹಿಂದಕ್ಕೆ ತಿರುಗಿ ಅವನನ್ನು ದುರುಗುಟ್ಟಿ ನೋಡಿದಳು. ಅವನು ಅವಳನ್ನು ನೋಡಲೇ ಇಲ್ಲ. ಐದನೇ ಸಾಲಿನ ಕಡೆ ನೋಡಿ ನಗುತ್ತಿದ್ದ.

ಮೈಕಮ್ಮ ಚಪ್ಪಾಳೆ ನಿಲ್ಲಿಸಿದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಹಾಡು ಮುಗಿಯುವವರೆಗೂ ಹಾಗೆಯೇ ಕೂತಿದ್ದಳು.